ಹಾಲ್ ನೋಡುವ ಶಾಸ್ತ್ರ

ಮೊನ್ನೆ ಮನೆಗೆ ಒಂದು ಮದುವೆ ಕಾಗದ ಬಂತು. ಹುಡುಗ ಹುಡುಗಿಯ ಹೆಸರು ಬಂಗಾರದ ಬಣ್ಣದ ಓರೆ ಅಕ್ಷರದಲ್ಲಿತ್ತು. ಕನ್ನಡಕ ಹಾಕಿದರೂ ಓದಲಿಕ್ಕೆ ಆಗಲಿಲ್ಲ. ಮದುವೆ ನಡೆಯುವ ಹಾಲಿನ ಹೆಸರು ಮಾತ್ರ ದಪ್ಪಕ್ಕೆ, ಕಡು ಕೆಂಪಿನಲ್ಲಿತ್ತು. ಕೆಳಗೆ 'ಸಂಪೂರ್ಣ ಹವಾನಿಯಂತ್ರಿತ' ಎಂದು ಬೇರೆ. ಅದಕ್ಕೂ ಕೆಳಗೆ ಮೊಬೈಲ್ ಹಿಡಿದರೆ ದಾರಿ ತೋರಿಸುವ ಕಪ್ಪು ಚೌಕ. ಯಾರ ಮದುವೆ ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದಳು. ನಾನು ಓದಲು ಬಂದದ್ದನ್ನು ಓದಿದೆ, ಹಾಲಿನ ಹೆಸರು ಹೇಳಿದೆ. "ಓ, ಅಲ್ಲಿಯಾ? ಹಾಗಾದರೆ ಹೋಗುವ" ಎಂದಳು. ಯಾರದ್ದು ಎಂಬ ಪ್ರಶ್ನೆ ಅಲ್ಲಿಗೇ ಬಿಟ್ಟುಹೋಯಿತು.

ಹಾಗೆ ನೋಡಿದರೆ ಅವಳು ಕೇಳಬೇಕಾದ್ದೂ ಇರಲಿಲ್ಲ. ನಮ್ಮ ಕಡೆ ಹಾಲ್ ಯಾವುದು ಎಂದು ಗೊತ್ತಾದರೆ ಉಳಿದದ್ದು ತಾನಾಗಿ ಗೊತ್ತಾಗುತ್ತದೆ. ಇಗರ್ಜಿಯ ಹಾಲ್ ಎಂದರೆ ಬ್ಯಾಂಡು, ಕೇಕು, ವೈನು, ಟೋಸ್ಟ್ ಕೊಡುವವರ ಉದ್ದ ಮಾತು. ಊಟ ತಡ, ಮನೆಯಲ್ಲಿ ಏನಾದರೂ ತಿಂದು ಹೊರಡಬೇಕು. ದೇವಸ್ಥಾನದ ಸಭಾಭವನ ಎಂದರೆ ಬಾಳೆಲೆ, ಹನ್ನೆರಡೂವರೆಗೆ ಮೊದಲ ಪಂಕ್ತಿ. ಎರಡು ಗಂಟೆಗೆ ಹೋದರೆ ಪಾಯಸ ನೀರಾಗಿರುತ್ತದೆ. ಮಂಗಳೂರು ಪೇಟೆಯ ನಡುವಿನ ಹಂಪನಕಟ್ಟೆಯ ಆಸುಪಾಸು ಎಂದರೆ ಕಾರು ಮನೆಯಲ್ಲೇ ಬಿಟ್ಟು ಬಸ್ಸಿನಲ್ಲಿ ಹೋಗುವುದು ಕ್ಷೇಮ. ಹೆದ್ದಾರಿ ಬದಿಯ ಹೊಸ ಕನ್ವೆನ್ಷನ್ ಸೆಂಟರ್ ಎಂದರೆ ಒಳಗೆ ಕುಳಿರ್ಗಾಳಿ, ನನ್ನ ವಯಸ್ಸಿನವರಿಗೆ ಶಾಲು ಬೇಕು.

ಆ ಕಾಗದ ಬಂದ ಹೊತ್ತಿಗೆ ನಮ್ಮಲ್ಲೂ ಹಾಲ್ ಹುಡುಕುವ ಕೆಲಸ ನಡೆದಿತ್ತು. ಅಕ್ಕನ ಮಗಳ ಮದುವೆ. ಅಕ್ಕ, ಭಾವ ಇರುವುದು ಮಂಗಳೂರಿನ ಉರ್ವದಲ್ಲಿ. ಹುಡುಗ ಉಡುಪಿ ಹತ್ತಿರದ ಮೀನಿನ ಬಂದರು ಮಲ್ಪೆಯವನು. ಇಬ್ಬರೂ ಬೆಂಗಳೂರಿನ ಒಂದೇ ಕಂಪನಿಯಲ್ಲಿ ಕೆಲಸ ಮಾಡುತ್ತಾ ತಾವು ತಾವೇ ಒಪ್ಪಿಕೊಂಡು, ಆಮೇಲೆ ಮನೆಯವರನ್ನು ಒಪ್ಪಿಸಿದರು. ಜಾತಕ, ಜಾತಿ, ಮೀನು ಎಲ್ಲಾ ದಾಟಿ ಬಂದ ಸಂಬಂಧ ಅದು. ಹಾಲಿನ ಹತ್ತಿರ ಬಂದು ನಿಂತಿತು.

ಧಾರೆ ಬೆಳಿಗ್ಗೆ ದೇವಸ್ಥಾನದಲ್ಲಿ, ಅದರಲ್ಲಿ ಯಾರಿಗೂ ತಕರಾರಿಲ್ಲ. ದೇವರ ಎದುರು ನಿಂತು ಎ.ಸಿ. ಉಂಟಾ ಎಂದು ಯಾರೂ ಕೇಳುವುದಿಲ್ಲ. ತಲೆಬಿಸಿ ಎಲ್ಲಾ ಸಂಜೆಯ ರಿಸೆಪ್ಷನ್ನಿನದ್ದು. ಹುಡುಕುವ ತಂಡದಲ್ಲಿ ಅಕ್ಕ, ಭಾವ, ವಾರದ ಕೊನೆಗೆ ರಾತ್ರಿ ಬಸ್ಸಿನಲ್ಲಿ ಬರುವ ಮಗಳು ಮತ್ತು ನಾನು. ನನ್ನನ್ನು ಸೇರಿಸಿಕೊಂಡದ್ದು ಸಲಹೆ ಕೇಳಲಿಕ್ಕೆ ಎಂದು ಅಕ್ಕ ಹೇಳಿದಳು. ಆದರೆ ಫೋನಿನಲ್ಲಿ ಮೊದಲು ಕೇಳಿದ್ದು "ಕಾರಿಗೆ ಪೆಟ್ರೋಲ್ ಉಂಟಲ್ಲ?" ಎಂದು.

ಮೊದಲ ಪ್ರಶ್ನೆ ಟೋಲಿನದ್ದು. ನಮ್ಮವರು ಮಂಗಳೂರಿನ ಕಡೆ, ಅವರ ಕಡೆಯವರು ಉಡುಪಿಯ ಕಡೆ. ನಡುವೆ ಎಲ್ಲಾದರೂ ಮಾಡುವ ಎಂದರೆ ಹೆದ್ದಾರಿ 66ರಲ್ಲಿ ಹೆಜಮಾಡಿಯ ಟೋಲ್ ಗೇಟು ಅಡ್ಡ ಕೂತಿದೆ. ಹಿಂದೆ ಸುರತ್ಕಲ್ಲಿನಲ್ಲೂ ಒಂದಿತ್ತು. ಜನ ಹೋರಾಡಿ ಹೋರಾಡಿ 2022ರ ಡಿಸೆಂಬರಿನಲ್ಲಿ ಅದು ನಿಂತಿತು. ಈಗ ಹೆಜಮಾಡಿಯೇ ಗಡಿ. ಹಾಲ್ ಮೂಲ್ಕಿಯಲ್ಲಾದರೆ ಅವರ ಕಡೆಯ ಕಾರುಗಳೆಲ್ಲ ದುಡ್ಡು ಕೊಟ್ಟು ಬರಬೇಕು. ಪಡುಬಿದ್ರಿಯಲ್ಲಾದರೆ ನಮ್ಮವು. "ಟೋಲ್ ಕೊಟ್ಟು ಬಂದವರು ಕವರಿನಲ್ಲಿ ಕಡಿಮೆ ಮಾಡ್ತಾರೆ" ಎಂದರು ಭಾವ. ತಮಾಷೆಗೆ ಹೇಳಿದ್ದಲ್ಲ.

ಎರಡನೆಯದು ಅಡುಗೆಮನೆ. ಮಲ್ಪೆಯವರ ರಿಸೆಪ್ಷನ್ನಿನಲ್ಲಿ ಮೀನಿಲ್ಲದಿದ್ದರೆ ಅವರ ಊರಿನವರು ತಲೆ ಎತ್ತಿ ನಡೆಯುವ ಹಾಗಿಲ್ಲ. ನಮ್ಮ ಕಡೆಯ ಹಿರಿಯರು ಮೀನಿನ ಪಾತ್ರೆ ಕಂಡರೆ ನೀರೂ ಕುಡಿಯುವುದಿಲ್ಲ. ಹಾಗಾಗಿ ದೇವಸ್ಥಾನದ ಹಾಲುಗಳು ಮೊದಲೇ ಹೋದವು. ಉಳಿದವುಗಳಲ್ಲಿ ಎರಡು ಅಡುಗೆಮನೆ ಇರುವುದು ಬೇಕು. ಒಂದರಲ್ಲಿ ಅಂಜಲ್ ಫ್ರೈ, ಕೋಳಿ ಸುಕ್ಕ. ಇನ್ನೊಂದರಲ್ಲಿ ಗುಜ್ಜೆ ಪಲ್ಯ, ಹೋಳಿಗೆ. ಎರಡಕ್ಕೂ ಬೇರೆ ಬೇರೆ ಪಾತ್ರೆ, ಬೇರೆ ಬಡಿಸುವವರು, ನಡುವೆ ಗೋಡೆ. ಆ ಗೋಡೆ ಸೂರಿನವರೆಗೆ ಹೋಗುತ್ತದಾ, ಅಥವಾ ಮೇಲೆ ಜಾಗ ಬಿಟ್ಟಿದ್ದಾರಾ ಎಂದು ಅಕ್ಕ ಪ್ರತಿ ಹಾಲಿನಲ್ಲೂ ಕತ್ತೆತ್ತಿ ನೋಡಿದಳು. ವಾಸನೆ ಗೋಡೆ ಹತ್ತುತ್ತದೆ ಎಂದು ಅವಳ ವಾದ.

ಮಗಳಿಗೆ ಇದು ಯಾವುದೂ ಬೇಡ. ಅವಳಿಗೆ ಬೇಕಾದ್ದು ಸಮುದ್ರ. ಕಾಪುವಿನ ಹತ್ತಿರ ಒಂದು ರೆಸಾರ್ಟಿನ ಹುಲ್ಲುಹಾಸಿನ ಮೇಲೆ ರಿಸೆಪ್ಷನ್, ಹಿಂದೆ ಅಲೆ, ದೂರದಲ್ಲಿ ದೀಪಸ್ತಂಭ. ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಚೆಂದ ಇತ್ತು, ಇಲ್ಲ ಎನ್ನುವುದಿಲ್ಲ. ಮದುವೆ ಯಾವಾಗ? ಮೇ ಕೊನೆಯ ಭಾನುವಾರ. ರಿಸೆಪ್ಷನ್ ಎಷ್ಟು ಗಂಟೆಗೆ? ಸಂಜೆ ಏಳರಿಂದ. ಆ ದಿನಗಳಲ್ಲಿ ಇಲ್ಲಿ ಸೂರ್ಯ ಏಳು ಗಂಟೆಯೊಳಗೆ ಮುಳುಗಿ ಆಗಿರುತ್ತಾನೆ. ಮದುಮಗಳು ಬ್ಯೂಟಿಪಾರ್ಲರಿನಿಂದ ಹೊರಗೆ ಬರುವಾಗ ಎಂಟು. ಅಂದರೆ ಸಮುದ್ರಕ್ಕೆಂದು ಜಾಸ್ತಿ ದುಡ್ಡು ಕೊಟ್ಟು ಜನ ನೋಡುವುದು ಕತ್ತಲೆಯನ್ನು. ದೀಪಸ್ತಂಭ 1901ರದ್ದು, ಹಗಲು ನೋಡಲಿಕ್ಕೆ ಭಾರೀ ಲಾಯ್ಕ. ರಾತ್ರಿ ಕಾಣುವುದು ಅದರ ಬೆಳಕು ಮಾತ್ರ, ಅದೂ ದೋಣಿಯವರಿಗೆಂದು ಇಟ್ಟದ್ದು. ಅಲೆಯ ಸದ್ದಾದರೂ ಕೇಳುತ್ತದಲ್ಲ ಎಂದರೆ, ಡಿಜೆ ಅವನ ಡಬ್ಬ ತಿರುಗಿಸಿರುತ್ತಾನೆ. ಆ ಡಿಜೆಯೂ ಬಯಲಿನಲ್ಲಿ ಹತ್ತು ಗಂಟೆಗೆ ನಿಲ್ಲಿಸಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಮೈಕು ಹಾಕಬಾರದೆಂದು 2000ದಲ್ಲೇ ನಿಯಮ ಬಂದಿದೆ. ಎಂಟಕ್ಕೆ ಮದುಮಗಳು, ಹತ್ತಕ್ಕೆ ಪೊಲೀಸರು.

ಮಳೆಯ ಮಾತನ್ನು ನಾನು ಎತ್ತಲಿಲ್ಲ. ಭಾವ ಎತ್ತಿದರು. "ಪತ್ತನಾಜೆ ಕಳೆದ ಮೇಲೆ ಯಕ್ಷಗಾನದ ಮೇಳದವರೇ ಗೆಜ್ಜೆ ಬಿಚ್ಚಿ ಮನೆಗೆ ಹೋಗ್ತಾರೆ. ನೀನು ಆಗ ಬಯಲಿನಲ್ಲಿ ಸ್ಟೇಜ್ ಹಾಕ್ತೇನೆ ಅಂತಿ." ಪತ್ತನಾಜೆ ಎಂದರೆ ಮಳೆಗಾಲಕ್ಕೆ ಮೊದಲು ಮೇಳಗಳ ತಿರುಗಾಟ ನಿಲ್ಲುವ ತುಳುನಾಡಿನ ದಿನ, ಬರುವುದು ಮೇ 24, 25ರ ಹೊತ್ತಿಗೆ. ಆ ದಿನ ಹತ್ತು ಹನಿಯಾದರೂ ಮಳೆ ಬೀಳಬೇಕು ಎಂಬುದು ಊರಿನ ಮಾತು. "ಪಪ್ಪ, ವೆದರ್ ಆ್ಯಪ್‌ನಲ್ಲಿ ನೋಡುವ" ಎಂದಳು ಮಗಳು. ಮೂರು ತಿಂಗಳು ಮೊದಲು ಅದರಲ್ಲಿ ಎಂತ ನೋಡುವುದೋ ದೇವರಿಗೇ ಗೊತ್ತು.

ಇನ್ನು ಭಾವನ ವಿಷಯ. ಅದಕ್ಕೇ ಇಷ್ಟೆಲ್ಲಾ ಬರೆಯಲು ಕೂತದ್ದು ಎಂದರೂ ಆದೀತು.

ನಮ್ಮ ಭಾವ ಹಾಲಿಗೆ ಹೋದರೆ ಸ್ಟೇಜ್ ನೋಡುವುದಿಲ್ಲ. ಮ್ಯಾನೇಜರ್ ಲೈಟು ಒಂದೊಂದೇ ಹಾಕಿ ತೋರಿಸುತ್ತಿರುತ್ತಾನೆ, ಇದು ವಾರ್ಮ್, ಇದು ಪಿಂಕ್, ಇದು ಕಪಲ್ ಎಂಟ್ರಿಗೆ ಎಂದು. ಅಷ್ಟರಲ್ಲಿ ಭಾವ ಮಾಯ. ಹುಡುಕಿಕೊಂಡು ಹೋದರೆ ಊಟದ ಹಾಲಿನ ಹಿಂದೆ, ಕೈ ತೊಳೆಯುವ ಜಾಗದಲ್ಲಿ, ಎಲ್ಲಾ ನಲ್ಲಿಗಳನ್ನೂ ಒಟ್ಟಿಗೆ ತಿರುಗಿಸಿ ಬಿಟ್ಟು, ಕೈ ಹಿಂದೆ ಕಟ್ಟಿ ನಿಂತಿರುತ್ತಾರೆ. ಎಲ್ಲವೂ ಒಟ್ಟಿಗೆ ತಿರುಗಿಸಿದಾಗ ಕೊನೆಯ ನಲ್ಲಿಯಲ್ಲಿ ನೀರು ಬರುತ್ತದಾ ಇಲ್ಲವಾ, ಅದೇ ಪರೀಕ್ಷೆ. ಒಂದು ಹಾಲಿನ ಮ್ಯಾನೇಜರ್ ಅವರನ್ನು ಪ್ಲಂಬರ್ ಎಂದುಕೊಂಡು, "ನಿಮ್ಮನ್ನು ನಿನ್ನೆ ಬರಲಿಕ್ಕೆ ಹೇಳಿದ್ದಲ್ವಾ?" ಎಂದು ಗದರಿದ. ಭಾವನಿಗೆ ಬೇಸರ ಆಗಲಿಲ್ಲ. "ಹಾಗಾದರೆ ಇಲ್ಲಿ ರಿಪೇರಿ ಉಂಟು ಅಂತಾಯ್ತು" ಎಂದು ಆ ಹಾಲನ್ನು ಅಲ್ಲಿಯೇ ಕೈಬಿಟ್ಟರು.

ಅವರ ಲೆಕ್ಕ ಕೇಳಬೇಕು. ಒಂದು ಪಂಕ್ತಿಯಲ್ಲಿ ಮುನ್ನೂರು ಜನ ಒಟ್ಟಿಗೆ ಏಳುತ್ತಾರೆ. ನಲ್ಲಿ ಎಂಟು. ಒಬ್ಬನಿಗೆ ಅರ್ಧ ನಿಮಿಷ ಎಂದು ಹಿಡಿದರೂ ಕೊನೆಯವನ ಕೈ ತೊಳೆದು ಆಗುವಾಗ ಹತ್ತಿರ ಹತ್ತಿರ ಹತ್ತೊಂಬತ್ತು ನಿಮಿಷ. ಅಷ್ಟು ಹೊತ್ತು ಅವನು ಎಡಗೈಯಲ್ಲಿ ಬೀಡದ ಪೊಟ್ಟಣ, ಬಲಗೈಯನ್ನು ಸೊಂಟದಿಂದ ಒಂದು ಮೊಳ ದೂರ ಹಿಡಿದುಕೊಂಡು, ಎದುರಿನವನ ಬಿಳಿ ಅಂಗಿಗೆ ತಾಗದ ಹಾಗೆ ನಿಲ್ಲಬೇಕು. ಬೆರಳಿನ ಸಂದಿನಲ್ಲಿ ಪಾಯಸ ಒಣಗುತ್ತದೆ. ಆ ಹೊತ್ತಿನಲ್ಲೇ ಯಾರಾದರೂ ಬಂದು, "ಹೋ, ಕಾಣದೆ ಎಷ್ಟು ಕಾಲ ಆಯ್ತು ಮಾರಾಯ್ರೆ!" ಎಂದು ಕೈ ಕುಲುಕಲು ಬರುತ್ತಾರೆ. ಮೊಣಕೈ ಕೊಡಬೇಕಾಗುತ್ತದೆ.

ಅರ್ಧ ನಿಮಿಷ ಎಂದದ್ದು ಕನ್ನಡಿ ಇಲ್ಲದಿದ್ದರೆ. ಭಾವನ ಪರಮ ವೈರಿ ಎಂದರೆ ಬೇಸಿನ್ನಿನ ಮೇಲಿನ ಕನ್ನಡಿ. ಕನ್ನಡಿ ಇದ್ದಲ್ಲಿ ಮನುಷ್ಯ ಕೈ ತೊಳೆದು ಹೋಗುವುದಿಲ್ಲ. ಗಂಡಸರು ಮೀಸೆ ನೋಡುತ್ತಾರೆ, ಹಲ್ಲು ನೋಡುತ್ತಾರೆ, ಕಿಸೆಯಿಂದ ಬಾಚಣಿಗೆ ತೆಗೆಯುತ್ತಾರೆ. ಹೆಂಗಸರು ಮಲ್ಲಿಗೆ ಸರಿ ಮಾಡಿಕೊಳ್ಳುತ್ತಾರೆ. ಮಕ್ಕಳು ನಾಲಗೆ ಹೊರಗೆ ಹಾಕಿ ತಮ್ಮನ್ನೇ ಅಣಕಿಸುತ್ತವೆ. ಕನ್ನಡಿ ಇದ್ದರೆ ಲೆಕ್ಕ ಎರಡರಷ್ಟು ಮಾಡಬೇಕು ಎನ್ನುತ್ತಾರೆ ಭಾವ.

ಆಮೇಲೆ ನಲ್ಲಿಯ ಜಾತಿ. ತಿರುಗಿಸುವ ನಲ್ಲಿಯೇ ಉತ್ತಮ, ಆದರೆ ಮುನ್ನೂರು ಜನ ಎಂಜಲು ಕೈಯಲ್ಲಿ ತಿರುಗಿಸಿದ ನಲ್ಲಿಯನ್ನು ಮುನ್ನೂರ ಒಂದನೆಯವನು ಮುಟ್ಟಬೇಕು. ಒತ್ತುವ ನಲ್ಲಿ ಇನ್ನೊಂದು ಕಷ್ಟ. ಎಡಗೈಯಲ್ಲಿ ಒತ್ತಿದರೆ ಒಂದು ಗುಟುಕು ನೀರು ಬಂದು ನಿಲ್ಲುತ್ತದೆ. ಎರಡು ಕೈ ಸೇರಿಸಿ ತಿಕ್ಕುವ ಭಾಗ್ಯವೇ ಇಲ್ಲ. ಹೊಸ ಹಾಲುಗಳಲ್ಲಿ ಸೆನ್ಸರ್ ನಲ್ಲಿ ಬಂದಿದೆ. ಅದರ ಎದುರು ಹಿರಿಯರೊಬ್ಬರು ಯಕ್ಷಗಾನದ ಬಣ್ಣದ ವೇಷದವರ ಹಾಗೆ ಕೈ ಮೇಲೆ ಕೆಳಗೆ ಬೀಸುತ್ತಾ ನಿಂತದ್ದನ್ನು ನಾನೇ ಕಂಡಿದ್ದೇನೆ. ನೀರು ಬಂದದ್ದು ಪಕ್ಕದ ನಲ್ಲಿಯಲ್ಲಿ.

ಬೇಸಿನ್ನಿನ ಎತ್ತರದ ಬಗ್ಗೆಯೂ ಭಾವನಿಗೆ ಅಭಿಪ್ರಾಯ ಉಂಟು. ಜಾಸ್ತಿ ತಗ್ಗಾದರೆ ನೀರು ರೇಷ್ಮೆ ಸೀರೆಯ ನೆರಿಗೆಗೆ ಹಾರುತ್ತದೆ. ಎತ್ತರವಾದರೆ ಸಾರು ಬೆರೆತ ನೀರು ಮೊಣಕೈವರೆಗೆ ಇಳಿದು ಅಂಗಿಯ ತೋಳಿಗೆ ಹೋಗುತ್ತದೆ. ತಳದ ಜಾಲಿಯಲ್ಲಿ ನಾಲ್ಕು ಅಗುಳು ಅನ್ನ, ಎರಡು ಎಸಳು ಕರಿಬೇವು ಕೂತರೆ ಸಾಕು, ನೀರು ಕಟ್ಟುತ್ತದೆ. ಆ ಅಗುಳು ತೆಗೆಯಲು ಒಬ್ಬ ಹುಡುಗನನ್ನು ಅಲ್ಲಿಯೇ ನಿಲ್ಲಿಸುತ್ತೀರಾ ಎಂದು ಅವರು ಕೇಳಿದಾಗ ಒಬ್ಬ ಮ್ಯಾನೇಜರ್ ತುಂಬಾ ಹೊತ್ತು ಅವರ ಮುಖವನ್ನೇ ನೋಡಿದ. "ಸರ್, ಕಪಲ್ ಎಂಟ್ರಿಗೆ ಹೊಗೆ ಬೇಕಾ, ಬೇಡವಾ?" ಎಂದು ಕೇಳಿದ.

ಭಾವ ಹೀಗಾದದ್ದಕ್ಕೆ ಕಾರಣ ಇಲ್ಲದಿಲ್ಲ. ಅವರು ಹುಟ್ಟಿ ಬೆಳೆದದ್ದು ಹೆಬ್ರಿಯ ಕಡೆ. ಅಲ್ಲಿ ಅವರ ಬಾಲ್ಯದಲ್ಲಿ ಮದುವೆ ಎಂದರೆ ಮನೆಯ ಅಂಗಳದಲ್ಲೇ. ಅಡಕೆ ಮರದ ಕಂಬ, ಮೇಲೆ ಮಡಲಿನ ಚಪ್ಪರ, ಕೆಳಗೆ ಸೆಗಣಿ ಸಾರಿಸಿದ ನೆಲ. ಬಡಿಸುವುದಕ್ಕೆ ದೊಡ್ಡವರಿದ್ದರು. ಇವರಿಗೆ ಕೊಟ್ಟ ಕೆಲಸ ಬಾಳೆಯ ಬುಡದಲ್ಲಿ ತಾಮ್ರದ ಕೊಪ್ಪರಿಗೆಯ ಹತ್ತಿರ ಗಿಂಡಿ ಹಿಡಿದು ನಿಲ್ಲುವುದು. ಉಂಡು ಬಂದವರ ಕೈಗೆ ನೀರು ಹೊಯ್ಯಬೇಕು. ಎಷ್ಟು ಹೊಯ್ಯಬೇಕು, ಯಾರಿಗೆ ಎತ್ತರದಿಂದ, ಯಾರಿಗೆ ತಗ್ಗಿನಿಂದ, ಎಲ್ಲಾ ಅವರಿಗೆ ಗೊತ್ತು. ಅಜ್ಜಂದಿರು ಬಾಯಿ ಮುಕ್ಕಳಿಸುವಾಗ ಒಂದು ಹೆಜ್ಜೆ ಹಿಂದೆ ಸರಿಯಬೇಕೆಂದೂ ಗೊತ್ತು. ಎಂಜಲು ನೀರು ಬಾಳೆಗೆ ಹೋಗುತ್ತಿತ್ತು. ಆ ವರ್ಷ ಆ ಬಾಳೆ ಹಾಕಿದ ಗೊನೆಯ ಗಾತ್ರವನ್ನು ಭಾವ ಈಗಲೂ ಎರಡು ಕೈ ಅಗಲಿಸಿ ತೋರಿಸುತ್ತಾರೆ. ಕೈ ವರ್ಷವರ್ಷಕ್ಕೆ ಹೆಚ್ಚು ಅಗಲವಾಗುತ್ತಿದೆ ಎಂದು ಅಕ್ಕ ಹೇಳುತ್ತಾಳೆ.

ನನ್ನ ಅಸಮಾಧಾನ ಬೇರೆ. ಅದು ಕುರ್ಚಿಯ ಮೇಲೆ.

ಯಾವ ಹಾಲಿಗೆ ಹೋದರೂ, ಅದು ಸಾವಿರ ಜನರದ್ದಾಗಲಿ ಇನ್ನೂರು ಜನರದ್ದಾಗಲಿ, ಕುರ್ಚಿಗಳೆಲ್ಲ ಸ್ಟೇಜಿನ ಕಡೆ ಮುಖ ಮಾಡಿಕೊಂಡು ಸಾಲಾಗಿ ಕೂತಿರುತ್ತವೆ. ಸ್ಟೇಜಿನ ಮೇಲೆ ನಡೆಯುವುದೇನು? ಇಬ್ಬರು ನಿಂತಿರುತ್ತಾರೆ. ಅವರ ಹತ್ತಿರ ಐದಾರು ಜನ ಹೋಗಿ ನಿಲ್ಲುತ್ತಾರೆ. ಫೋಟೋದವನು ಕೈ ಸನ್ನೆ ಮಾಡುತ್ತಾನೆ. ಅವರು ಇಳಿಯುತ್ತಾರೆ, ಇನ್ನೈದಾರು ಜನ ಹತ್ತುತ್ತಾರೆ. ಇದನ್ನು ಮೂರು ಗಂಟೆ ಹೊತ್ತು ನೋಡಲಿಕ್ಕೆ ಇಷ್ಟು ಕುರ್ಚಿಯಾ? ಅದು ಸಾಲದು ಎಂದು ಅದನ್ನೇ ಎರಡೂ ಬದಿಯ ದೊಡ್ಡ ಪರದೆಯಲ್ಲಿ ಬೇರೆ ತೋರಿಸುತ್ತಾರೆ. ನಾನು ಹೋಗುವುದು ಎಲ್ಲೆಲ್ಲೋ ಇರುವ ದಾಯಾದಿಗಳನ್ನು, ಹಳೆಯ ಆಫೀಸಿನವರನ್ನು ನೋಡಲಿಕ್ಕೆ. ಅವರು ನನ್ನ ಎದುರಿನ ಸಾಲಿನಲ್ಲಿ ಇರುತ್ತಾರೆ. ನನಗೆ ಕಾಣುವುದು ಅವರ ಬೋಳುತಲೆ. ಅವರು ಹಿಂದೆ ತಿರುಗಿ ಮಾತಾಡಿದರೆ ಅವರ ಕುತ್ತಿಗೆ ಹಿಡಿಯುತ್ತದೆ. ಕುರ್ಚಿ ತಿರುಗಿಸಿಕೊಂಡರೆ ವಾಲಂಟಿಯರ್ ಹುಡುಗ ಬಂದು, "ಅಂಕಲ್, ವೀಡಿಯೋದಲ್ಲಿ ಲೈನ್ ಹಾಳಾಗ್ತದೆ" ಎಂದು ಪುನಃ ನೆಟ್ಟಗೆ ಮಾಡುತ್ತಾನೆ. ಕುರ್ಚಿಗೆ ಬಿಳಿ ಬಟ್ಟೆ, ಅದಕ್ಕೊಂದು ಹಿಂದೆ ಗಂಟು. ಅದೆಲ್ಲಾ ಕ್ಯಾಮೆರಾಕ್ಕೆ. ಕೂರುವವನ ಬೆನ್ನಿಗೆ ಆ ಗಂಟು ಚುಚ್ಚುತ್ತದೆ, ಅದನ್ನು ಯಾರೂ ಕೇಳುವುದಿಲ್ಲ.

ಚಪ್ಪರದಲ್ಲಿ ಹೀಗಿರಲಿಲ್ಲ. ಸುತ್ತ ಬೆಂಚು, ನಡುವೆ ಅಂಗಳ. ಯಾರು ಬಂದರು, ಯಾರು ಯಾರ ಹತ್ತಿರ ಕೂತರು, ಯಾರು ಮುಖ ತಿರುಗಿಸಿಕೊಂಡರು ಎಲ್ಲಾ ಕೂತಲ್ಲಿಂದಲೇ ಕಾಣುತ್ತಿತ್ತು. ಹಾಗೆಂದು ಚಪ್ಪರವೇ ಬೇಕು ಎಂದು ನಾನೇನೂ ಹೇಳುವುದಿಲ್ಲ. ಅದರ ಸೆಕೆ, ನೊಣ, ಬೆಂಚಿನ ಮೊಳೆ ನನಗೆ ಇನ್ನೂ ನೆನಪುಂಟು. ಕುರ್ಚಿ ತಿರುಗಿಸಲು ಬಿಟ್ಟರೆ ಸಾಕು.

ಬಫೆಯ ಬಗ್ಗೆ ಬರೆದರೆ ಬಿಪಿ ಏರುತ್ತದೆ, ಬಿಡುವ.

ಹಾಲ್ ನೋಡಿ ನೋಡಿ ಕಾಪುವಿನಿಂದ ಕಟಪಾಡಿವರೆಗೂ ಹೋಗಿ ಬಂದೆವು. ಶಂಕರಪುರ ಅಲ್ಲೇ ಒಳಗೆ. ಊರೆಲ್ಲಾ ಮಲ್ಲಿಗೆ ಕಟ್ಟುವವರು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಲ್ಲಿಂದ ಮುಂಬೈವರೆಗೆ ಹೋಗುತ್ತದೆ. ಆ ಊರಿನ ಮಗ್ಗುಲಲ್ಲೇ ಇದ್ದ ಹಾಲಿನ ಸ್ಟೇಜಿಗೆ ಪ್ಲಾಸ್ಟಿಕ್ ಹೂ. ಧೂಳು ಕೂತು ಬೂದಿ ಬಣ್ಣಕ್ಕೆ ಬಂದಿತ್ತು. "ಇದು ವಿಂಟೇಜ್ ಥೀಮ್" ಎಂದ ಅಲ್ಲಿಯ ಹುಡುಗ. ಅಕ್ಕ ಒಂದು ದಳ ಕಿತ್ತು ಮೂಸಿ ನೋಡಿದಳು. ಆಮೇಲೆ ಅವನು ಬಾಡಿಗೆಯ ಪಟ್ಟಿ ಓದಿದ. ಹಾಲಿಗೆ ಇಷ್ಟು, ಅದರ ಮೇಲೆ ಶೇ. 18 ಜಿಎಸ್‌ಟಿ, ಕ್ಲೀನಿಂಗಿಗೆ ಇಷ್ಟು, ಜನರೇಟರ್ ಗಂಟೆಗೆ ಇಷ್ಟು, ಹೊರಗಿನ ಅಡುಗೆಯವರು ಬಂದರೆ ಅದಕ್ಕೆ ಬೇರೆ. ನೀರಿಗೆ ಚಾರ್ಜ್ ಇಲ್ಲ ಎಂದಾಗ ಭಾವನ ಮುಖ ಅರಳಿತು.

ಕೊನೆಗೆ ಹಾಲ್ ಗೊತ್ತಾದದ್ದು ಇದ್ಯಾವುದರಿಂದಲೂ ಅಲ್ಲ. ಒಂದು ರಾತ್ರಿ ಹುಡುಗನ ಸೋದರಮಾವ ಫೋನ್ ಮಾಡಿದರು. ಪಡುಬಿದ್ರಿಯ ಒಂದು ಹಾಲಿನಲ್ಲಿ ಆ ದಿನದ ಬುಕಿಂಗ್ ಯಾರೋ ಕ್ಯಾನ್ಸಲ್ ಮಾಡಿದ್ದಾರೆ, ಊಟದ ಹಾಲ್ ಕೆಳಗೇ ಉಂಟು, ಅಜ್ಜಿಗೆ ಮೆಟ್ಟಿಲು ಹತ್ತಬೇಕಾಗಿಲ್ಲ, ಅಡುಗೆಮನೆ ಎರಡುಂಟು, ತಾನು ಅಡ್ವಾನ್ಸ್ ಕೊಟ್ಟಾಗಿದೆ ಎಂದರು. ಅಷ್ಟೇ. ಟೋಲು ನಮ್ಮ ಪಾಲಿಗೆ ಬಂತು. ಸಮುದ್ರ ಒಂದು ಕಿಲೋಮೀಟರ್ ಆಚೆ. ಮಗಳು ಫೋಟೋ ಶೂಟಿಗೆ ಹಿಂದಿನ ದಿನವೇ ಹೋಗಿ ಬರುತ್ತಾಳಂತೆ, ಬೆಳಕಿರುವಾಗ.

ಎಲ್ಲಾ ಆದ ಮೇಲೆ ನೋಡಲು ಹೋದೆವು. ಸ್ಟೇಜು, ಲೈಟು, ಗಂಟು ಹಾಕಿದ ಕುರ್ಚಿ ಎಲ್ಲಾ ಇದ್ದದ್ದೇ. ಭಾವ ನೇರ ಹಿಂದೆ ಹೋದರು. ಹತ್ತು ನಲ್ಲಿ, ತಿರುಗಿಸುವಂಥದ್ದು, ಕೊನೆಯದರಲ್ಲೂ ನೀರು ಜೋರಾಗಿಯೇ ಬಂತು. ಜಾಲಿ ಸ್ವಚ್ಛ ಇತ್ತು. ಆದರೆ ಗೋಡೆಯ ಉದ್ದಕ್ಕೂ ಒಂದೇ ತುಂಡಿನ ಕನ್ನಡಿ, ಸುತ್ತ ಲೈಟು ಬೇರೆ.

ಭಾವ ಮ್ಯಾನೇಜರನ್ನು ಕರೆದರು. "ಇವರೇ, ಆ ದಿನ ಇದಕ್ಕೆ ಒಂದು ಬಟ್ಟೆ ಮುಚ್ಚಿ ಬಿಡಬಹುದಾ?"

ಅವನು ಕನ್ನಡಿಯಲ್ಲಿ ತನ್ನ ಕೂದಲು ಸರಿ ಮಾಡಿಕೊಳ್ಳುತ್ತಾ ಹೇಳಿದ: "ಮುಚ್ಚಬಹುದು ಸರ್. ಡೆಕೊರೇಶನ್‌ನವರ ಹತ್ತಿರ ಮಾತಾಡಿ. ಅದು ಎಕ್ಸ್‌ಟ್ರಾ ಆಗ್ತದೆ."